ಮಾಸ್ಟ್ರ ಬದಿಯ ಬ್ರೇಕು

ಹಳೆಯ ಹಲ್ಲುಜ್ಜುವ ಬ್ರಶ್ಶನ್ನು ಸಾಬೂನಿನ ನೀರಿನಲ್ಲಿ ಅದ್ದಿ ಅವಳು ಕ್ಲಚ್ಚಿನ ರಬ್ಬರು ಉಜ್ಜಿ ಮುಗಿಸಿದ್ದಳು. ಬ್ರೇಕಿನದು ಬಾಕಿ ಇತ್ತು. ಕಾರಿನ ಬಾಗಿಲು ತೆರೆದು, ಹೊರಗೆ ಮೊಣಕಾಲೂರಿ, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಮಾಡಬೇಕಾದ ಕೆಲಸ. ಸೊಂಟ ಹಿಡಿದುಕೊಳ್ಳುತ್ತಿತ್ತು. ಕಲಿಯಲು ಬರುವವರಿಲ್ಲದೆ ಕಾರು ಎಷ್ಟೋ ತಿಂಗಳಿಂದ ಹೆಚ್ಚಾಗಿ ಅಂಗಳದಲ್ಲೇ ನಿಂತಿರುತ್ತಿದ್ದರೂ ವಾರಕ್ಕೊಮ್ಮೆ ತೊಳೆಯುವುದನ್ನು ಅವಳು ಬಿಟ್ಟಿರಲಿಲ್ಲ.

ಆಮೇಲೆ ಸುತ್ತಿ ಬಂದು ಪಕ್ಕದ ಸೀಟಿನ ಬಾಗಿಲು ತೆರೆದಳು. ಅಲ್ಲಿ ಇನ್ನೊಂದು ಬ್ರೇಕು. ಡ್ರೈವಿಂಗ್ ಸ್ಕೂಲಿನ ಕಾರುಗಳಿಗೆ ಮಾತ್ರ ಇರುವಂಥದು; ಕಲಿಯುವವರು ಗಾಬರಿಯಾದರೆ ಕಲಿಸುವವರು ಒತ್ತಲಿ ಎಂದು. ಒಂದು ಕೇಬಲ್ಲು ಮ್ಯಾಟಿನ ಕೆಳಗಿನಿಂದ ಹಾದು ಆ ಕಡೆಯ ಬ್ರೇಕನ್ನು ಎಳೆಯುತ್ತಿತ್ತು. ಇದರ ರಬ್ಬರು ಸವೆದು ಸವೆದು ಗೆರೆಗಳೆಲ್ಲ ಅಳಿಸಿ ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಡ್ರೈವರ್ ಬದಿಯ ಬ್ರೇಕಿನ ಗೆರೆಗಳಾದರೆ ಇನ್ನೂ ಹೊಸದರಂತೆ ಎದ್ದುಕೊಂಡಿದ್ದವು, ಅವುಗಳ ನಡುವಿನ ಮಣ್ಣು ತೆಗೆಯುವುದೇ ರಗಳೆ. ಮಾಸ್ಟ್ರ ಬದಿಯದು ಒಂದು ಸಲ ಒರೆಸಿದರೆ ಸಾಕು. ಇಷ್ಟು ವರ್ಷ ತೊಳೆದರೂ ಅವಳಿಗೆ ಅನ್ನಿಸಿದ್ದು ಇಷ್ಟೇ, ಇದನ್ನು ತೊಳೆಯುವುದು ಸುಲಭ ಎಂದು.

ಅವಳ ಗಂಡನನ್ನು ಎಲ್ಲರೂ ಮಾಸ್ಟ್ರು ಎನ್ನುತ್ತಿದ್ದರು. ಒಂದೇ ಕಾರಿನ ಸ್ಕೂಲು. ಅವರ ಕೈಗೆ ಸಿಕ್ಕವರು ಯಾರೂ ಲೈಸೆನ್ಸಿನ ಪರೀಕ್ಷೆಯಲ್ಲಿ ಫೇಲಾದದ್ದಿಲ್ಲ ಎಂಬ ಮಾತಿತ್ತು. ಅದು ಸುಳ್ಳೂ ಅಲ್ಲ. ಸ್ಟೇರಿಂಗ್ ಮುಟ್ಟಿದರೆ ಬೆವರುವವರು, ಬೇರೆ ಕಡೆ ಬೈಸಿಕೊಂಡು ಅತ್ತು ಬಂದವರು, ಮೊಮ್ಮಕ್ಕಳಾದ ಮೇಲೆ ಕಲಿಯಲು ಹೊರಟ ಹೆಂಗಸರು, ಎಲ್ಲರೂ ಹುಡುಕಿಕೊಂಡು ಬರುತ್ತಿದ್ದುದು ಇವರ ಬಳಿಗೇ. ಮಾಸ್ಟ್ರು ದನಿ ಎತ್ತುತ್ತಿರಲಿಲ್ಲ. ಬರುತ್ತಿದ್ದ ದೂರು ಒಂದೇ, ಅದೂ ಅವರ ಮೇಲಲ್ಲ. ಪಾಸಾಗಿ ಸ್ವಂತ ಕಾರು ಕೊಂಡವರು ಫೋನ್ ಮಾಡಿ, ನಮ್ಮ ಕಾರಿನ ಬ್ರೇಕು ಯಾಕೋ ಸರಿಯಾಗಿ ಹಿಡಿಯುತ್ತಿಲ್ಲ, ನಿಮ್ಮ ಕಾರಿನದರ ಹಾಗೆ ಮೆತ್ತಗಿಲ್ಲ ಎನ್ನುತ್ತಿದ್ದರು. ಮಾಸ್ಟ್ರು ಅವರನ್ನು ಪರಿಚಯದ ಮೆಕ್ಯಾನಿಕ್ಕಿನ ಬಳಿಗೆ ಕಳಿಸುತ್ತಿದ್ದರು. ಅವನು ನೋಡಿ, ಏನೂ ಆಗಿಲ್ಲವೆಂದು ವಾಪಸು ಕಳಿಸುತ್ತಿದ್ದ. ಮಾಸ್ಟ್ರ ಶಿಷ್ಯರು ಕೊಳ್ಳುವ ಕಾರುಗಳಿಗೆಲ್ಲ ಹುಟ್ಟಿನಿಂದಲೇ ಬ್ರೇಕಿನ ಕಾಯಿಲೆ ಎಂದು ಅವನು ತಮಾಷೆ ಮಾಡಿದಾಗ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳು.

ಈಗ ಮಾಸ್ಟ್ರ ಕಣ್ಣು ಹೋಗುತ್ತಿತ್ತು. ಅಂಚಿನದು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ಎದುರಿಗೆ ನಿಂತರೆ ಅವಳ ಎರಡು ಕಿವಿಗಳು ಕಾಣುತ್ತವಂತೆ, ಮುಖವಿಲ್ಲ. ಕಲಿಸುವ ಪರವಾನಗಿ ಇನ್ನು ಸಿಗುವುದಿಲ್ಲ ಎಂದು ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ದರು. ಲೈಸೆನ್ಸ್ ಆಫೀಸಿನವರೂ ಅದನ್ನೇ ಹೇಳಿದರು. ಮನೆ ನಡೆಯುತ್ತಿದ್ದುದು ಆ ಕಾರಿನಿಂದ.

“ನೀನೇ ಮಾಸ್ಟ್ರಾಗಿಬಿಡೇ” ಎಂದು ಒಂದು ದಿನ ಊಟಕ್ಕೆ ಕೂತಾಗ ಅವರು ನಕ್ಕಿದ್ದರು. ನಗು ಅಲ್ಲಿಗೇ ಮುಗಿಯಿತು, ಮಾತು ಅವಳಲ್ಲಿ ಉಳಿದುಕೊಂಡಿತು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ತಾನು ಆ ಪಕ್ಕದ ಸೀಟಿನಲ್ಲಿ ಕೂತು, “ಮೆತ್ತಗೆ, ಮೆತ್ತಗೆ, ಕ್ಲಚ್ ಬಿಡಿ” ಎಂದು ಯಾರಿಗೋ ಹೇಳುತ್ತಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಆ ಯೋಚನೆಯಲ್ಲಿ ಅವಳ ದನಿ ಬೇರೆಯೇ ಇರುತ್ತಿತ್ತು, ಸ್ವಲ್ಪ ದಪ್ಪ. ಕೆಳಗಿನ ಮನೆಯ ಟೈಲರಮ್ಮನಿಗೆ ಹೇಗೋ ಸುದ್ದಿ ಮುಟ್ಟಿತು. ತನ್ನ ಅಂಗಡಿಗೆ ಕಾಜಾ ಹೊಲಿಯಲು, ಗುಂಡಿ ಹಚ್ಚಲು ಬನ್ನಿ ಎಂದು ಅವಳು ಕರೆಯುತ್ತಲೇ ಇದ್ದವಳು. ಈಗ ಅದನ್ನು ಬಿಟ್ಟು, ನೀವು ಮಾಸ್ಟ್ರಾದರೆ ಮೊದಲ ಶಿಷ್ಯೆ ನಾನೇ, ಗಂಡಸರ ಪಕ್ಕ ಕೂತು ಕಲಿಯಲು ನನಗೆ ಕೈಕಾಲು ಆಡುವುದಿಲ್ಲ ಎಂದಳು. ಇದಾದ ಮೇಲೆ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, “ಏನ್ ಮಾಸ್ಟ್ರಮ್ಮ, ನಮ್ಮ ಕ್ಲಾಸ್ ಯಾವಾಗ?” ಎನ್ನುವುದು. ಆ ಹೆಸರಿನಿಂದ ಕರೆದಾಗ ಅವಳಿಗೆ ಮುಖ ಬಿಸಿಯಾಗುತ್ತಿತ್ತು. ಇಷ್ಟು ವಯಸ್ಸಿಗೆ ಒಂದು ಹೊಸ ಹೆಸರು.

ಆದರೆ ಮಾಸ್ಟ್ರಾಗಲು ಬರೀ ಲೈಸೆನ್ಸು ಸಾಲದು. ಕಲಿಸುವವರಿಗೆ ಕಲಿಸುವ ಕೇಂದ್ರಗಳಿವೆ, ಅಂಥ ಒಂದರಲ್ಲಿ ತರಬೇತಿ ಮುಗಿಸಬೇಕು. ಅವಳ ಲೈಸೆನ್ಸು ಮದುವೆಯಾದ ಹೊಸದರಲ್ಲಿ ಮಾಡಿಸಿದ್ದು. ಗಂಡ ಪಕ್ಕದಲ್ಲಿ ಕೂತು ಕಲಿಸಿದ್ದರು, ಪರೀಕ್ಷೆಯ ದಿನವೂ ಪಕ್ಕದಲ್ಲೇ ಕೂತಿದ್ದರು. ಪರೀಕ್ಷೆ ಮಾಡುವವನು ಹಿಂದಿನ ಸೀಟಿನಲ್ಲಿ. ಅಂದಿನಿಂದ ಅವಳು ಆಗಾಗ ಓಡಿಸುತ್ತಲೇ ಬಂದಿದ್ದಾಳೆ, ತವರಿಗೆ, ಮಗಳ ಮನೆಗೆ, ಈಚೆಗೆ ಕಣ್ಣಿನ ಆಸ್ಪತ್ರೆಗೆ. ಆದರೆ ಅವರು ಪಕ್ಕದಲ್ಲಿಲ್ಲದೆ ಆ ಕಾರು ಒಮ್ಮೆಯೂ ಗೇಟು ದಾಟಿರಲಿಲ್ಲ. ಹೆಂಡತಿ ಚೆನ್ನಾಗಿ ಓಡಿಸುತ್ತಾಳೆ ಎಂದು ಮಾಸ್ಟ್ರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು.

ಯಾವ ಕೇಂದ್ರ ಎಂಬುದರ ಮೇಲೆ ಮನೆಯಲ್ಲಿ ಒಮ್ಮತವಿರಲಿಲ್ಲ. ಮಗಳು ಫೋನಿನಲ್ಲೇ ನೋಡಿ ದೊಡ್ಡ ರಸ್ತೆಯ ಗಾಜಿನ ಬಾಗಿಲಿನ ಕೇಂದ್ರವನ್ನು ಗೊತ್ತುಮಾಡಿದಳು. ಮಾಸ್ಟ್ರು, ಪೀಪಿ ಇರುವಾಗ ಬೇರೆ ಯಾರ ಬಾಗಿಲಿಗೆ ಯಾಕೆ ಹೋಗಬೇಕು ಎಂದರು. ಪೀಪಿ ಅವರ ಹಳೆಯ ಗೆಳೆಯ. ಹಾರನ್ನಿನ ಮೇಲಿನ ಕೈ ತೆಗೆಯದವನು, ಅದಕ್ಕೇ ಆ ಹೆಸರು. ಟಯರ್ ಅಂಗಡಿಯ ಮಹಡಿಯಲ್ಲಿ ಅವನದೂ ಒಂದು ತರಬೇತಿ ಕೇಂದ್ರವಿತ್ತು. ಮೂರನೆಯದರ ಬಗ್ಗೆ ಹೇಳಿದವಳು ಟೈಲರಮ್ಮ. ಹಳೆಯ ಬಸ್ ಡಿಪೋದ ಮೈದಾನದಲ್ಲಿ ಒಬ್ಬ ಹೆಂಗಸು ನಡೆಸುತ್ತಾಳಂತೆ, ಮೊದಲು ಬಸ್ ಓಡಿಸುತ್ತಿದ್ದವಳಂತೆ, ಬಾಯಿ ಕೆಟ್ಟದಂತೆ.

ಮೊದಲು ಮಗಳ ಮಾತು ನಡೆಯಿತು. ಗಾಜಿನ ಬಾಗಿಲಿನೊಳಗೆ ತಂಪಾಗಿತ್ತು. ಒಬ್ಬ ಯುವಕ ನಗುನಗುತ್ತಾ, ಪಾಠವೆಲ್ಲ ಕಂಪ್ಯೂಟರಿನಲ್ಲಿ, ನೀವು ಮನೆಯಲ್ಲೇ ಕೂತು ಮುಗಿಸಬಹುದು ಎಂದು ವಿವರಿಸಿದ. ಮೂಲೆಯಲ್ಲಿ ಪರದೆಯ ಮುಂದೆ ಕಾರಿನ ಸೀಟು, ಸ್ಟೇರಿಂಗು, ಪೆಡಲುಗಳು. ಕೂತು ನೋಡಿ ಎಂದ. ಅವಳು ಕೂತಳು, ಪರದೆಯ ರಸ್ತೆ ಓಡಿತು. ಚಿತ್ರದ ಮುದುಕನೊಬ್ಬ ರಸ್ತೆಗಿಳಿದ. ಅವಳು ಕಾಲು ಬ್ರೇಕಿಗಿಟ್ಟಳು. ಕಾರು ಅವನ ಮೇಲೆ ಹಾದುಹೋಯಿತು. ಎಲ್ಲರೂ ಮೊದಲ ಸಲ ಹೀಗೇ ಮಾಡುತ್ತಾರೆ, ಇದು ಆಟದ ಸಾಮಾನಿನಂತೆ ಎಂದು ಯುವಕ ಒಂದು ಗುಂಡಿ ಒತ್ತಿದ. ಮುದುಕ ಎದ್ದು ಮತ್ತೆ ರಸ್ತೆಯಂಚಿಗೆ ಹೋಗಿ ನಿಂತ. ಹೊರಗೆ ಬಂದ ಮೇಲೂ ಅವಳಿಗೆ ಆ ಮುದುಕ ಹಾಗೆ ಎದ್ದು ಹೋದದ್ದೇ ಕಣ್ಣೆದುರು ಬರುತ್ತಿತ್ತು. ಕಂಪ್ಯೂಟರಿನಲ್ಲಿ ಕಲಿಯುವುದು ತನ್ನಿಂದಾಗದು ಎಂದು ಮಗಳಿಗೆ ಹೇಳಿದಳು. ನಿನಗೆ ಯಾವುದೂ ಆಗಲ್ಲ ಬಿಡು ಎಂದು ಮಗಳು ಫೋನಿಟ್ಟಳು.

ಮೈದಾನಕ್ಕೆ ಅವಳು ಯಾರಿಗೂ ಹೇಳದೆ ಬಸ್ಸಿನಲ್ಲಿ ಹೋದಳು, ಸುಮ್ಮನೆ ನೋಡಿ ಬರೋಣ ಎಂದು. ಡಾಂಬರು ಕಿತ್ತ ಬಯಲು, ಸುತ್ತ ತುಕ್ಕು ಹಿಡಿದ ಶೆಡ್ಡುಗಳು, ನಡುವೆ ಸುಣ್ಣದ ಗೆರೆಗಳು, ಗುರುತಿಗೆ ಹಳೆಯ ಟಯರುಗಳು. ಆ ಹೆಂಗಸು ಅವಳಿಗಿಂತ ಚಿಕ್ಕವಳು, ದಪ್ಪ ಮೈ, ಕಾಲಿಗೆ ಗಂಡಸರ ಶೂ. ಬಂದ ಕಾರಣ ಕೇಳಿದಳು. ಫೀಸು, ಪುಸ್ತಕ ಯಾವುದರ ಮಾತೂ ಎತ್ತದೆ, ಮೊದಲು ಒಂದು ಸುತ್ತು ಓಡಿಸಿ ತೋರಿಸಿ ಎಂದು ಬೀಗದ ಕೈ ಕೊಟ್ಟಳು.

ಕಾರು ಹೊರಟದ್ದು ನಯವಾಗಿ. ಗೇರು ಬದಲಾದದ್ದೂ ತಿಳಿಯಲಿಲ್ಲ. ತಿರುವಿನಲ್ಲಿ ಕನ್ನಡಿ ನೋಡಿದಳು, ಸಿಗ್ನಲ್ ಹಾಕಿದಳು. ಆ ಹೆಂಗಸು ಒಮ್ಮೆ ತಲೆಯಾಡಿಸಿದ್ದು ಕಣ್ಣಂಚಿನಲ್ಲಿ ಕಂಡಿತು. ಅವಳ ಎದೆ ಹಗುರಾಯಿತು.

“ಆ ಬಿಳಿ ಗೆರೆ ಹತ್ರ ನಿಲ್ಲಿಸಿ.”

ಅವಳು ಕಾಲನ್ನು ಬ್ರೇಕಿನ ಮೇಲಿಟ್ಟಳು. ಗೆರೆ ಬಂತು, ಚಕ್ರದ ಕೆಳಗೆ ಹೋಯಿತು. ಅದರಾಚೆಯ ಟಯರಿಗೆ ಬಂಪರು ತಗುಲಿ, ಟಯರು ನಿಧಾನವಾಗಿ ಮಗುಚಿತು. ಆಮೇಲೆ ಕಾರು ನಿಂತಿತು.

ನಿಮ್ಮ ಬ್ರೇಕು ಸ್ವಲ್ಪ ಗಟ್ಟಿ ಎಂದಳು ಅವಳು. ಆ ಹೆಂಗಸು ಇಳಿದು ಟಯರು ನಿಲ್ಲಿಸಿ ಬಂದು ಕೂತು, ಇನ್ನೊಂದು ಸುತ್ತು ಎಂದಳು. ಈ ಸಲ ಅವಳು ಎಚ್ಚರದಿಂದ, ಬೇಗನೆ ಕಾಲಿಟ್ಟಳು. ಪೆಡಲು ಅಂಗಾಲಿನ ಕೆಳಗೆ ಕಲ್ಲಿನಂತೆ ಕೂತಿತ್ತು, ತಾನಾಗಿ ಇಳಿಯಲಿಲ್ಲ. ಇಳಿಯಬೇಕಿತ್ತಲ್ಲ ಎಂದು ಅವಳು ಕಾದಳು. ಮತ್ತೆ ಗೆರೆ, ಮತ್ತೆ ಟಯರು. ಅವಳು ಪಕ್ಕಕ್ಕೆ ನೋಡಿದಳು. ಅಲ್ಲೂ ಮಾಸ್ಟ್ರ ಬದಿಯ ಬ್ರೇಕಿತ್ತು. ಆ ಹೆಂಗಸಿನ ಎರಡೂ ಶೂಗಳು ಸೀಟಿನಡಿಗೆ ಸರಿದು, ನೆಲಕ್ಕೆ ಒತ್ತಿಕೊಂಡು, ಅಲುಗದೆ ಇದ್ದವು.

“ಯಾರನ್ನ ಕಾಯ್ತಾ ಇದ್ದೀರಿ ಅಕ್ಕ?”

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ.

“ಯಾರ ಹತ್ರ ಕಲಿತ್ರಿ?”

ಅವಳು ಹೇಳಿದಳು. ಹೇಳುವಾಗ, ಅಭ್ಯಾಸಬಲದಿಂದ, ದನಿಯಲ್ಲಿ ಸ್ವಲ್ಪ ಹೆಮ್ಮೆ ಬಂತು. ಆ ಹೆಂಗಸು ಕಿಟಕಿಯ ಕಡೆ ನೋಡಿದಳು. ಬಾಯಿ ಕೆಟ್ಟದೆಂದು ಕೇಳಿದ್ದಳಲ್ಲ, ಆದರೆ ಅವಳು ಮಾತಾಡಿದ್ದು ಬಹಳ ಮೆತ್ತಗೆ.

“ಅವರ ಶಿಷ್ಯರು ಪಾಸಾದ್ಮೇಲೆ ಇಲ್ಲಿಗೆ ಬರ್ತಾರೆ. ಗೋಡೆಗೆ ಗುದ್ದಿದೋರು, ಗೇಟಿಗೆ ಗುದ್ದಿದೋರು. ಎಲ್ಲರ ಕಾಲೂ ಹಿಂಗೇ ಅಕ್ಕ. ಬ್ರೇಕ್ ಮೇಲೆ ಇಟ್ಕೊಂಡು ಕೂತಿರ್ತಾರೆ. ಒತ್ತಲ್ಲ. ಒತ್ತೋದು ತಮ್ಮ ಕೆಲಸ ಅಂತಾನೇ ಗೊತ್ತಿಲ್ಲ.”

ಕಲಿಸುವ ತರಬೇತಿಗೆ ಅವಳನ್ನು ತೆಗೆದುಕೊಳ್ಳಲಾಗದು ಎಂದಳು. ಬೇಕಾದರೆ ಕಲಿಯುವವರ ಬ್ಯಾಚಿಗೆ ಬರಬಹುದು, ಮಧ್ಯಾಹ್ನದ್ದು, ಕಾಲೇಜಿನವರ ಜೊತೆ. ಆಮೇಲೆ ಮಾಸ್ಟ್ರಾಗಬಹುದೆಂದು ಸುಳ್ಳು ಆಸೆ ತೋರಿಸುವುದಿಲ್ಲ. ತಲೆಗೆ ಕಲಿಸಿದ್ದನ್ನು ಬಿಡಿಸಬಹುದು, ಕಾಲಿಗೆ ಕಲಿಸಿದ್ದನ್ನು ಬಿಡಿಸುವುದು ಈ ವಯಸ್ಸಿನಲ್ಲಿ ಕಷ್ಟ. ಪಕ್ಕದ ಸೀಟಿನಲ್ಲಿ ಕೂತವರ ಕಾಲು ತಡವಾದರೆ ಹೋಗುವುದು ಇನ್ನೊಬ್ಬರ ಜೀವ. ಇಷ್ಟನ್ನು ಹೇಳಿ, ಕುಡಿಯಲು ನೀರು ಬೇಕೇ ಎಂದು ಕೇಳಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಸುಮ್ಮನೆ ಹೊರಗೆ ನೋಡುತ್ತಿದ್ದಳು. ರಬ್ಬರಿನ ಗೆರೆಗಳು ನೆನಪಾದವು. ಮಾಸ್ಟ್ರ ಬದಿಯದು ನುಣುಪು, ತನ್ನ ಬದಿಯದು ಹೊಸತು. ಅಂಗಾಲಿನ ಕೆಳಗೆ ತಾನಾಗಿ ಕುಸಿಯುತ್ತಿದ್ದ ಆ ಪೆಡಲು, ಎಷ್ಟು ಒಳ್ಳೆಯ ಕಾರು, ಕಾಲಿಟ್ಟರೆ ಸಾಕು, ಮನಸ್ಸು ತಿಳಿದಂತೆ ನಿಲ್ಲುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಬರೀ ಕಾರಿನ ವಿಷಯವೂ ಅಲ್ಲ. ಮನೆ ಬದಲಿಸುವುದೋ ಬೇಡವೋ ಎಂದು ಅವಳು ಯೋಚಿಸತೊಡಗುವಷ್ಟರಲ್ಲಿ ಅದು ತೀರ್ಮಾನವಾಗಿರುತ್ತಿತ್ತು. ಅಣ್ಣನೊಂದಿಗೆ ಜಗಳವಾದಾಗ ಅವಳು ಬಾಯಿ ತೆರೆಯುವ ಮೊದಲೇ ಮಾಸ್ಟ್ರು ಮಾತಾಡಿ ಮುಗಿಸಿರುತ್ತಿದ್ದರು. ತಾನು ಒಪ್ಪಿದೆನೆಂದೇ ಅವಳಿಗೆ ಅನ್ನಿಸುತ್ತಿತ್ತು. ಯಾವತ್ತೂ ಒಂದು ಒರಟು ಮಾತಿಲ್ಲ. ಅಂಥ ಗಂಡ ಸಿಗಬೇಕಲ್ಲ ಎಂದು ಅಕ್ಕತಂಗಿಯರು ಹೊಟ್ಟೆಕಿಚ್ಚು ಪಡುತ್ತಿದ್ದರು. ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ಸುಸ್ತು. ಇಳಿಯಬೇಕಾದ ನಿಲ್ದಾಣ ದಾಟಿ ಹೋಯಿತು. ಮುಂದಿನದರಲ್ಲಿ ಇಳಿದು ಹಿಂದಕ್ಕೆ ನಡೆದಳು.

ಸಂಜೆ ಪೀಪಿ ಬಂದ. ಮೆಟ್ಟಿಲು ಹತ್ತುವಾಗಲೇ ಅವನ ದನಿ ಕೇಳಿಸಿತು. ಎಲ್ಲಾ ಮಾತಾಡಿ ಮುಗಿಸಿದ್ದೇನೆ, ಸೋಮವಾರ ಬಂದು ಕೂತರೆ ಆಯಿತು ಎಂದ. ಓಡಿಸಿ ತೋರಿಸುವುದೆಲ್ಲ ಏನೂ ಬೇಡ, ಮಾಸ್ಟ್ರ ಹೆಂಡತಿಗೆ ಪರೀಕ್ಷೆ ಮಾಡಲು ತನಗೇನು ಹುಚ್ಚೇ.

“ಅತ್ತಿಗೆ, ನೀವು ಒಂದು ವಾರ ನಮ್ಮಲ್ಲಿ ಫ್ಯಾನ್ ಕೆಳಗೆ ಕೂತು ಟೀ ಕುಡೀರಿ. ಸರ್ಟಿಫಿಕೇಟ್ ತಾನಾಗೇ ನಡ್ಕೊಂಡು ಬರುತ್ತೆ.”

ಅವಳು ಟೀ ಲೋಟ ಮುಂದಿಟ್ಟಳು. ಓಡಿಸುವುದನ್ನು ಒಮ್ಮೆ ನೋಡುವುದು ಒಳ್ಳೆಯದಲ್ಲವೇ ಎಂದು ಕೇಳಿದಳು, ಯಾವುದೋ ಬೇರೆಯವರ ವಿಷಯದಂತೆ. ಪೀಪಿ ಜೋರಾಗಿ ನಕ್ಕು ಗೆಳೆಯನ ತೊಡೆಗೆ ಹೊಡೆದ.

“ನೋಡೋದೇನಿದೆ? ಈ ಊರಲ್ಲಿ ಅರ್ಧ ಜನಕ್ಕೆ ಲೈಸೆನ್ಸ್ ಕೊಡ್ಸಿದ್ದು ಇವನ ಈ ಕಾಲು. ಪರೀಕ್ಷೆ ಮಾಡೋನು ಹಿಂದೆ ಕೂತಿರ್ತಿದ್ದ, ಅವನಿಗೇನ್ ಕಾಣುತ್ತೆ? ಕಾಲಿಗೆ ಒಂದು ಹಾರ ಹಾಕ್ಬೇಕು ಅಂತ ನಾನು ಆವಾಗಿಂದ ಹೇಳ್ತಾ ಇದ್ದೀನಿ.”

ಮಾಸ್ಟ್ರು ನಾಚಿಕೊಂಡವರಂತೆ ನಕ್ಕರು. ಅವಳು ಲೋಟ ಹಿಡಿದ ಅವರ ಕೈ ನೋಡಿದಳು. ಅವರಿಗೆ ಗೊತ್ತಿತ್ತು. ಗೊತ್ತಿದ್ದು, ಅದರಲ್ಲಿ ತಪ್ಪೇನೂ ಅವರಿಗೆ ಕಂಡಿರಲಿಲ್ಲ.

“ಹಂಗಲ್ಲ ಕಣೋ” ಎಂದರು ಮಾಸ್ಟ್ರು. “ಹೆದರ್ಕೊಂಡು ಬಂದೋರ್ನ ಇನ್ನೂ ಹೆದರಿಸಬಾರ್ದು. ಕಾಲಿಟ್ಟೆ, ಗಾಡಿ ನಿಂತ್ಕೊಳ್ತು ಅಂತ ಅವರಿಗೆ ಅನ್ನಿಸ್ಬೇಕು. ಅಷ್ಟು ಧೈರ್ಯ ಕೊಟ್ರೆ ಮಿಕ್ಕಿದ್ದು ಅವರೇ ಕಲೀತಾರೆ.” ಅವಳಿದ್ದ ಕಡೆಗೆ, ಸ್ವಲ್ಪ ಪಕ್ಕಕ್ಕೆ, ತಿರುಗಿದರು. “ಇವಳನ್ನೇ ನೋಡು. ಮದುವೆ ಆದಾಗ ಸೈಕಲ್ ಬೆಲ್ ಕೇಳಿದ್ರೆ ಹಾರಿಬೀಳ್ತಿದ್ಲು.”

ನಿಜ. ಅವಳು ಹಾಗಿದ್ದಳು. ಅವರು ಮಾಡಿದ್ದು ಪ್ರೀತಿಯಿಂದಲೇ; ಅದನ್ನು ಇಲ್ಲವೆನ್ನುವುದು ಅವಳಿಂದಾಗಲಿಲ್ಲ. ಈಗ ಆ ಮನುಷ್ಯನ ಬಳಿ ಉಳಿದಿರುವುದು ಒಂದು ಹೆಸರು ಮಾತ್ರ. ಯಾರೂ ಫೇಲಾಗಲಿಲ್ಲ ಎಂಬ ಹೆಸರು. ಸೋಮವಾರ ಎಂದು ಪೀಪಿ ಇನ್ನೊಮ್ಮೆ ಹೇಳಿ ಇಳಿದುಹೋದ. ಕೆಳಗೆ ಟೈಲರಮ್ಮನಿಗೂ ಹೇಳಿರಬೇಕು, ಅವಳು ಅಂಗಳದಿಂದಲೇ, “ಮಾಸ್ಟ್ರಮ್ಮ, ನಾನು ಶೂ ತಗೊಂಡಾಯ್ತು” ಎಂದು ಕೂಗಿದಳು.

ಮರುದಿನ ಬೆಳಿಗ್ಗೆ ಕಣ್ಣಿನ ಆಸ್ಪತ್ರೆ. ಮಾಸ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಗಿಲನ್ನು ಕೈಯಲ್ಲೇ ಹುಡುಕಿ, ತಮ್ಮ ಸೀಟಿನಲ್ಲಿ ಕೂತರು. ಕೂತ ಕೂಡಲೇ ಅವರ ಕಾಲು ಹೋಗಿ ಆ ನುಣ್ಣನೆಯ ರಬ್ಬರಿನ ಮೇಲೆ ಕೂತಿತು. ಅವಳು ಅದನ್ನು ಮೊದಲ ಬಾರಿಗೆ ನೋಡಿದಳು. ಮೂಗಿನ ಮೇಲೆ ಕನ್ನಡಕ ಹೋಗಿ ಕೂರುವಂತೆ, ಅಷ್ಟು ಸಹಜವಾಗಿ.

ಗೇಟು ದಾಟಿದರು. ಹಾಲಿನ ವ್ಯಾನು ಹಿಂದಕ್ಕೆ ಬಂದಾಗ ಅದರ ಎಂಜಿನ್ನಿನ ಸದ್ದಿಗೇ ಅವರ ಕಾಲು ಇಳಿಯಿತು, ಅವಳ ಅಂಗಾಲಿನ ಕೆಳಗಿನ ಪೆಡಲು ಕುಸಿಯಿತು, ಕಾರು ನಿಂತಿತು. ತಿರುವಿನಲ್ಲಿ ಅವರಿಗೆ ಕಾಣದ್ದೇನೋ ಇತ್ತು, ಕಾಲು ಇಳಿಯಲಿಲ್ಲ; ಅವಳು ತಡವರಿಸಿದಳು, ಸೈಕಲ್ಲಿನವನೊಬ್ಬ ಕನ್ನಡಿಗೆ ಕೈ ತಾಗಿಸಿಕೊಂಡು ಬೈಯುತ್ತಾ ಹೋದ. ಈಚೆಗೆ ಇಂಥದು ಎರಡು ಮೂರು ಸಲ ಆಗಿತ್ತು, ಪ್ರತಿ ಸಲವೂ ಬ್ರೇಕು ಹಳತಾಯಿತೆಂದು ಅವಳು ಅಂದುಕೊಂಡಿದ್ದಳು. ಈ ದಿನ ಹಾಗೆ ಅಂದುಕೊಳ್ಳಲಾಗಲಿಲ್ಲ. ಪಕ್ಕದಲ್ಲಿ ಕಾಣದ ಒಬ್ಬರು, ಸ್ಟೇರಿಂಗಿನಲ್ಲಿ ನಿಲ್ಲಿಸಲು ಬಾರದ ಒಬ್ಬಳು. ಇಷ್ಟು ದಿನ ಈ ರಸ್ತೆಯಲ್ಲಿ ಹೀಗೆ ಹೋಗಿ ಬಂದಿದ್ದೇವೆ.

ಮುಂದೆ ಸಿಗ್ನಲ್ಲು ಕೆಂಪಾಗಿತ್ತು, ಅದರ ಕೆಳಗೆ ಒಂದು ಲಾರಿ. ದೂರದಿಂದಲೇ ಅವಳು ಒತ್ತಿದಳು. ಕಾಲಿಡಲಿಲ್ಲ, ಒತ್ತಿದಳು, ಮೀನಖಂಡ ಬಿಗಿಯಿತು, ತೊಡೆಯವರೆಗೂ ನೋವೆದ್ದಿತು. ಕಾರು ಮುಗ್ಗರಿಸಿ, ಲಾರಿಗಿಂತ ಬಹಳ ಹಿಂದೆ, ಯಾರೂ ನಿಲ್ಲಿಸದಂಥ ಜಾಗದಲ್ಲಿ ನಿಂತಿತು. ಹಿಂದಿನವರು ಹಾರನ್ ಹೊಡೆದರು.

ಮಾಸ್ಟ್ರ ಕಾಲು ಸ್ವಲ್ಪ ತಡವಾಗಿ ಇಳಿದು, ಎದುರೇನೂ ಸಿಗದೆ ಧಡಕ್ಕನೆ ನೆಲ ಮುಟ್ಟಿತು. ಅವಳು ಮೊದಲೇ ಒತ್ತಿದ್ದರಿಂದ ಕೇಬಲ್ಲು ಸಡಿಲಾಗಿತ್ತು. ಅವರು ಇನ್ನೆರಡು ಸಲ ತುಳಿದು ನೋಡಿದರು. ಮುಖದಲ್ಲಿ ಎಂಥದೋ ದಿಗಿಲು, ಕತ್ತಲಲ್ಲಿ ಮೆಟ್ಟಿಲು ಇಲ್ಲದ ಕಡೆ ಕಾಲಿಟ್ಟವರದ್ದು.

“ಏ, ಕೇಬಲ್ ಸಡಿಲ ಆಗಿದೆ ಕಣೇ. ಪೆಡಲ್ ಹಂಗೇ ಕೆಳಗೆ ಹೋಗ್ತಾ ಇದೆ. ಮೆಕ್ಯಾನಿಕ್‌ಗೆ ತೋರಿಸು.”

“ತೋರಿಸ್ತೀನಿ ರೀ.”

“ಮರೀಬೇಡ. ಸೋಮವಾರದಿಂದ ನಿನಗೇ ಬೇಕಾಗೋದು ಅದು.”

ಅವಳು ಕೆಂಪು ದೀಪವನ್ನೇ ನೋಡುತ್ತಿದ್ದಳು. ಸೋಮವಾರ ಪೀಪಿಯ ಫ್ಯಾನಿನ ಕೆಳಗೆ ಕೂರುವುದಿಲ್ಲ. ಯಾರೂ ಸೇರಿಸಿಕೊಳ್ಳಲಿಲ್ಲ, ವಯಸ್ಸಾಯಿತಂತೆ ಎಂದು ಹೇಳಿದರಾಯಿತು. ಮಗಳು ಅದನ್ನು ನಂಬುತ್ತಾಳೆ. ಟೈಲರಮ್ಮನ ಪಕ್ಕ ಆ ಸೀಟಿನಲ್ಲಿ ಕೂರುವುದಿಲ್ಲ, ಅವಳ ಅಂಗಡಿಯಲ್ಲಿ ಕಾಜಾ ಹೊಲಿಯಲು ಕೂರುವುದು. ಸ್ಕೂಲಿನ ಬೋರ್ಡು ತೆಗೆಸಬೇಕಾಗುತ್ತದೆ. ಮಧ್ಯಾಹ್ನಗಳಲ್ಲಿ, ಗುಂಡಿ ತರಲು ಹೋಗುತ್ತೇನೆಂದು ಹೇಳಿ, ಮೈದಾನದ ಆ ಬ್ಯಾಚಿಗೆ ಹೋಗಬೇಕು. ಮಾಸ್ಟ್ರಾಗಲಿಕ್ಕಲ್ಲ. ಆಸ್ಪತ್ರೆಯ ದಾರಿ ಇನ್ನೂ ಎಷ್ಟು ವರ್ಷವೋ, ಅಷ್ಟಕ್ಕೆ. ಅದೂ ಬರುತ್ತದೆಂದು ನೆಚ್ಚಿಕೆ ಇಲ್ಲ. ಬರುವವರೆಗೆ ಬಾಡಿಗೆ ಗಾಡಿಯೋ ಬಸ್ಸೋ, ಕಾರು ರಿಪೇರಿಗೆ ಹೋಗಿದೆ ಎಂದರಾಯಿತು.

ಆಮೇಲೆ ಮೆಕ್ಯಾನಿಕ್ಕಿಗೆ ಹೇಳಿ ಮ್ಯಾಟಿನ ಕೆಳಗಿನ ಕೇಬಲ್ಲನ್ನು ತೆಗೆಸಿಬಿಡಬೇಕು. ಪೆಡಲು ಅಲ್ಲೇ ಇರಲಿ. ಅದರಡಿಗೆ ಒಂದು ಗಟ್ಟಿ ಸ್ಪ್ರಿಂಗು ಕೂರಿಸಿದರೆ, ಒತ್ತಿದಾಗ ಕಾಲಿಗೆ ಮೊದಲಿನಂತೆಯೇ ಬಿಗಿಯಾಗಿ ಸಿಗುತ್ತದೆ. ಅವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ದೀಪ ಹಸಿರಾಯಿತು. ಪಕ್ಕದಲ್ಲಿ ಮಾಸ್ಟ್ರು ಇನ್ನೂ ತುಳಿದು ನೋಡುತ್ತಲೇ ಇದ್ದರು. ಅವಳು ಬ್ರೇಕಿನಿಂದ ಕಾಲು ತೆಗೆದು, ನಿಧಾನವಾಗಿ ಕ್ಲಚ್ಚು ಬಿಟ್ಟಳು.